ಮೂರನೇ ಗಾಲಿಗೆ ಜಾಡಿಲ್ಲ

ಕಾಗವಾಡ ತಾಲ್ಲೂಕಿನ ಜುಗೂಳದ ಹೊಲಗಳಿಗೆ ಹೋಗುವ ಗಾಡಿದಾರಿಗಳಲ್ಲಿ ಜಾಡು ಎರಡೇ. ಎತ್ತಿನಗಾಡಿಯ ಕಾಲದಿಂದಲೂ ಹಾಗೆಯೇ. ಈಗ ಅವನ್ನು ಕೊರೆಯುವುದು ಕಬ್ಬಿನ ಟ್ರ್ಯಾಕ್ಟರ್. ಹಂಗಾಮು ಶುರುವಾಗಿ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಸಿ ಎರೆಮಣ್ಣಿನಲ್ಲಿ ನಾಲ್ಕು ದಿನ ಓಡಾಡಿದರೆ ಜಾಡು ಆಳಕ್ಕಿಳಿಯುತ್ತದೆ, ನಡುವೆ ಹುಲ್ಲು ಹೊತ್ತ ದಿಬ್ಬ ಉಳಿಯುತ್ತದೆ. ಮೂರು ಗಾಲಿಯ ಟಂಟಂ ಆ ದಾರಿಗೆ ಇಳಿದರೆ ಏನಾಗುತ್ತದೆ ನೋಡಿ. ಅದರ ಹಿಂದಿನ ಗಾಲಿಗಳ ಅಂತರ ಟ್ರ್ಯಾಕ್ಟರಿನದಕ್ಕಿಂತ ಕಡಿಮೆ. ಒಂದು ಗಾಲಿ ಜಾಡಿನಲ್ಲಿ ಕೂತರೆ ಇನ್ನೊಂದು ದಿಬ್ಬದ ಅಂಚು ಹತ್ತುತ್ತದೆ, ಗಾಡಿ ವಾಲುತ್ತದೆ. ಮುಂದಿನ ಗಾಲಿಯಂತೂ ಯಾರೂ ತುಳಿಯದ ಮಣ್ಣಿನಲ್ಲಿ ತಾನೇ ಹೊಸ ದಾರಿ ಮಾಡಿಕೊಳ್ಳಬೇಕು.

ಹಾದಿ ಬಿಟ್ಟು ಓಡುವ ಮೂರುಗಾಲಿ ವಾಹನ ಕಟ್ಟಲು ಹೊರಟವರೆಲ್ಲ ಬಗೆಹರಿಸಬೇಕಾದ ಮೊದಲ ಲೆಕ್ಕ ಇದು. ಎಂಜಿನ್ನಿನ ಶಕ್ತಿಯ ಮಾತು ಆಮೇಲೆ. ಮಾರುಕಟ್ಟೆಗೆ ಬಾರದೆ ಉಳಿದ, ಇಲ್ಲವೇ ಬಂದಷ್ಟೇ ಬೇಗ ಮರೆಯಾದ ಇಂಥ ಗಾಡಿಗಳ ಕಥೆಗಳನ್ನು ಓದುವಾಗ ನನಗೆ ಕಾಣುವುದು ಹುಚ್ಚು ಸಾಹಸವಲ್ಲ, ಮಣ್ಣು ಕೊಟ್ಟ ಉತ್ತರ. ಆ ಉತ್ತರ ಕೃಷ್ಣಾ ತೀರದ ಈ ಊರಿಗೂ ಬೇಕಾದದ್ದು.

ಎಲ್ಲಕ್ಕಿಂತ ದೊಡ್ಡ ಉದಾಹರಣೆ ರಷ್ಯಾದ್ದು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ನಿಕೊಲಾಯ್ ಲೆಬೆದೆಂಕೊ ಎಂಬ ಎಂಜಿನಿಯರ್ ಮೂರು ಗಾಲಿಯ ಯುದ್ಧಯಂತ್ರವೊಂದನ್ನು ಯೋಜಿಸಿದ. ಮುಂದೆ ಸುಮಾರು 9 ಮೀಟರ್ ಎತ್ತರದ ಎರಡು ಅರಗಾಲಿಗಳು, ಹಿಂದೆ ಸುಮಾರು ಒಂದೂವರೆ ಮೀಟರಿನ ಒಂದು ಉರುಳೆ. ದೊಡ್ಡ ಗಾಲಿಯ ನಾಡಗಾಡಿಗಳು ಹಳ್ಳಕೊಳ್ಳಗಳನ್ನು ಸಲೀಸಾಗಿ ದಾಟುವುದನ್ನು ಕಂಡೇ ಅವನಿಗೆ ಇದು ಹೊಳೆಯಿತು ಎನ್ನುತ್ತಾರೆ. ಯೋಚನೆ ಸರಿಯಾಗಿಯೇ ಇತ್ತು: ಗಾಲಿ ದೊಡ್ಡದಾದಷ್ಟೂ ತಗ್ಗು ಚಿಕ್ಕದಾಗುತ್ತದೆ. 1915ರ ಆಗಸ್ಟಿನಲ್ಲಿ ಮಾಸ್ಕೋದ ಉತ್ತರಕ್ಕೆ ದ್ಮಿತ್ರೋವ್ ಬಳಿ ಪರೀಕ್ಷೆ ನಡೆಯಿತು. ಮುಂದಿನ ಗಾಲಿಗಳು ಮರವನ್ನೇ ಮುರಿದುಕೊಂಡು ಸಾಗಿದವು. ಹಿಂದಿನ ಸಣ್ಣ ಉರುಳೆ ಮೆತ್ತನೆಯ ನೆಲದಲ್ಲಿ ಹೂತುಕೊಂಡಿತು. ಅದನ್ನು ಎಳೆದು ತೆಗೆಯುವ ಶಕ್ತಿ ಎಂಜಿನ್ನುಗಳಿಗೆ ಇರಲಿಲ್ಲ. ಯಂತ್ರ ಅಲ್ಲೇ ನಿಂತಿತು. 1923ರಲ್ಲಿ ಬಿಚ್ಚಿ ಗುಜರಿಗೆ ಹಾಕಿದರು. ಎರಡು ಗಾಲಿಗೆ ಕೊಟ್ಟ ಗಮನವನ್ನು ಮೂರನೆಯದಕ್ಕೆ ಕೊಡದೆ ಹೋದದ್ದೇ ಅದನ್ನು ಕೊಂದದ್ದು.

ಇಟಲಿಯ ಮೊಟೊ ಗುಜ್ಜಿ ಈ ತಪ್ಪು ಮಾಡಲಿಲ್ಲ. 1960ರ ಆಸುಪಾಸಿನಲ್ಲಿ ಬೆಟ್ಟ ಹತ್ತುವ ಸೇನಾ ಪಡೆಗಳಿಗೆಂದು ಅದು ರೂಪಿಸಿದ ಮೂರುಗಾಲಿಯಲ್ಲಿ ಮೂರೂ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುತ್ತಿತ್ತು. ಹಿಂದಿನ ಗಾಲಿಗಳ ಅಂತರವನ್ನು ದಾರಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವ ಏರ್ಪಾಡೂ ಇತ್ತು. ಜುಗೂಳದ ಜಾಡು ನೋಡಿದವರಿಗೆ ಈ ಕೊನೆಯ ಮಾತಿನ ಬೆಲೆ ಕೂಡಲೇ ತಿಳಿಯುತ್ತದೆ. ಆದರೂ ಕೆಲವೇ ನೂರು ಗಾಡಿಗಳಾಗುವಷ್ಟರಲ್ಲಿ ತಯಾರಿಕೆ ನಿಂತಿತು. ಇಷ್ಟೆಲ್ಲ ಮಾಡಹೊರಟರೆ ಮೂರುಗಾಲಿಯ ದೊಡ್ಡ ಗುಣಗಳಾದ ಸರಳತೆ ಮತ್ತು ಅಗ್ಗದ ಬೆಲೆ ಎರಡೂ ಕೈಬಿಡುತ್ತವೆ.

ಹೋಂಡಾ ಕಂಪನಿಯ ಒಸಾಮು ತಾಕೆಯುಚಿ ಇನ್ನೊಂದು ದಾರಿ ಹಿಡಿದರು. ಎರಡು, ಮೂರು, ನಾಲ್ಕು, ಐದು, ಆರು ಗಾಲಿಯ ಮಾದರಿಗಳನ್ನು ಕಟ್ಟಿ ನೋಡಿ, ಹಿಮದಲ್ಲೂ ಕೆಸರಿನಲ್ಲೂ ಮೂರೇ ಸರಿ ಎಂದು ತೀರ್ಮಾನಿಸಿದರು. ಉಳಿದವು ಮೂಲೆ ಸೇರಿದವು. ಗೆಲುವಿನ ಗುಟ್ಟು ಟೈರಿನಲ್ಲಿತ್ತು: ತೀರಾ ಕಡಿಮೆ ಗಾಳಿಯ, ಉಬ್ಬಿದ ಅಗಲ ಟೈರು ಭಾರವನ್ನು ಹರಡುತ್ತಿತ್ತು, ಹೂಳುತ್ತಿರಲಿಲ್ಲ. 1970ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆ ಗಾಡಿ ಜನಪ್ರಿಯವಾಯಿತು. ತೊಡಕು ತಿರುವಿನಲ್ಲಿತ್ತು. ಹಿಂದಿನ ಎರಡು ಗಾಲಿಗೂ ಒಂದೇ ಗಟ್ಟಿ ಆಕ್ಸಲ್. ತಿರುಗುವಾಗ ಒಳಗಾಲಿ ನಿಧಾನವಾಗಬೇಕು, ಹೊರಗಾಲಿ ಬೇಗ ಓಡಬೇಕು, ಆದರೆ ಗಟ್ಟಿ ಆಕ್ಸಲ್ ಅದಕ್ಕೆ ಬಿಡುವುದಿಲ್ಲ. ಸವಾರ ಮೈಭಾರ ಹೊರಳಿಸಿ ಒಳಗಾಲಿಯನ್ನು ಹಗುರ ಮಾಡಬೇಕು. ಈ ಪಟ್ಟು ಗೊತ್ತಿಲ್ಲದವರು, ಮುಖ್ಯವಾಗಿ ಮಕ್ಕಳು, ಮಗುಚಿ ಬಿದ್ದರು, ಜೀವಗಳೂ ಹೋದವು. 1987ರ ಕೊನೆಯಲ್ಲಿ ಅಮೆರಿಕ ಸರ್ಕಾರದೊಂದಿಗೆ ಆದ ಒಪ್ಪಂದದಂತೆ ಕಂಪನಿಗಳು ಹೊಸ ಮೂರುಗಾಲಿಗಳ ಮಾರಾಟ ನಿಲ್ಲಿಸಿದವು. ಅಷ್ಟರೊಳಗೆ ಸುಜುಕಿ ನಾಲ್ಕು ಗಾಲಿಯದನ್ನು ತಂದಾಗಿತ್ತು.

ನಮ್ಮ ಕಡೆ ಮೂರುಗಾಲಿ ಬಂದದ್ದು ದುಡಿಮೆಗೆ. ಜರ್ಮನಿಯ ಟೆಂಪೊ ಕಂಪನಿಯ ಸಹಯೋಗದಲ್ಲಿ ಬಜಾಜ್ ಟೆಂಪೊ ತಯಾರಿಸಿದ ಹಾನ್ಸಿಯಾಟ್ ಗಾಡಿಯಿಂದಲೇ ಸಾಮಾನು ಹೊರುವ ಸಣ್ಣ ಗಾಡಿಗಳಿಗೆಲ್ಲ ಟೆಂಪೊ ಎಂಬ ಹೆಸರು ನಿಂತಿತು. ಅದರ ಎಂಜಿನ್ ಇದ್ದದ್ದು ಮುಂದಿನ ಗಾಲಿಯ ಮೇಲೆ, ಎಳೆಯುತ್ತಿದ್ದದ್ದೂ ಅದೇ ಗಾಲಿ. ಡಾಂಬರಿನಲ್ಲಿ ಚಿಂತೆಯಿಲ್ಲ. ಹಿಂದೆ ಭಾರ ಹೇರಿ ಕೆಸರಿನ ಏರು ಹತ್ತುವಾಗ ಮಾತ್ರ ಮುಂದಿನ ಗಾಲಿ ಹಗುರಾಗಿ ಜಾರುವುದು ಸಹಜ. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ತಯಾರಾದ ಬಾದಲ್ ಎಂಬ ಮೂರುಗಾಲಿ ಕಾರು ಪೇಟೆಯದು. ಅದೂ ಮುಂದೆ ನಾಲ್ಕು ಗಾಲಿಗೆ ತಿರುಗಿತು.

ಹಾಗಾದರೆ ಮೂರುಗಾಲಿಯ ಆಸೆ ಬಿಡಬೇಕೇ? ಜುಗೂಳದಂಥ ಊರಿನಲ್ಲಿ ನಿಂತು ಹಾಗೆನ್ನಲು ನನಗೆ ಮನಸ್ಸಿಲ್ಲ. ಹೊಳೆಯ ಆಚೆ ಖಿದ್ರಾಪುರ, ಮಹಾರಾಷ್ಟ್ರ. 2019ರಲ್ಲೂ 2021ರಲ್ಲೂ ಕೃಷ್ಣೆ ಈ ಭಾಗದ ಹೊಲ ಮನೆಗಳಿಗೆ ನುಗ್ಗಿದಳು. ಹೊಳೆ ಏರುತ್ತಿದೆ ಎಂದ ಕೂಡಲೇ ರೈತರು ದಂಡೆಯ ಪಂಪ್‌ಸೆಟ್ ಬಿಚ್ಚಿ ಮೇಲೆ ಸಾಗಿಸಬೇಕು. ಮೇವು ತರಬೇಕು, ಹಾಲಿನ ಕ್ಯಾನು ಡೇರಿಗೆ ಮುಟ್ಟಿಸಬೇಕು. ಒಂದು ಮೋಟಾರಿಗೆ ಟ್ರ್ಯಾಕ್ಟರ್ ಹೆಚ್ಚಾಯಿತು, ಬೈಕು ಸಾಲದು. ಇವೆರಡರ ನಡುವಿನ ಜಾಗ ಇನ್ನೂ ಖಾಲಿ ಇದೆ.

2025ರ ಜನವರಿಯಲ್ಲಿ ದೆಹಲಿಯ ವಾಹನ ಮೇಳದಲ್ಲಿ ಹ್ಯುಂಡೈ ಕಂಪನಿ ಬ್ಯಾಟರಿಯ ಮೂರುಗಾಲಿಯೊಂದರ ಪರಿಕಲ್ಪನೆಯನ್ನು ಮುಂದಿಟ್ಟಿತು. ಜೊತೆಗೂಡಿಸಿಕೊಳ್ಳಲು ನೋಡಿದ್ದು ಹೊಸೂರಿನ ಟಿವಿಎಸ್ ಕಂಪನಿಯನ್ನು. ಮಳೆನೀರು ನಿಂತ ರಸ್ತೆಯಲ್ಲಿ ಗಾಡಿಯ ಮೈಯನ್ನು ಎತ್ತರಿಸುವ ವ್ಯವಸ್ಥೆ ಅದರ ವಿಶೇಷ. ಪೇಟೆಯ ಬೀದಿಗೆಂದು ಯೋಚಿಸಿದ್ದಾದರೂ ಹೊಳೆದಂಡೆಯವರ ಕಿವಿ ನೆಟ್ಟಗಾಗುವ ಸುದ್ದಿ ಅದು. ಬ್ಯಾಟರಿಯ ಭಾರವನ್ನು ನೆಲಕ್ಕೆ ಹತ್ತಿರ ಇಟ್ಟರೆ ಮಗುಚುವ ಭಯ ತಗ್ಗುತ್ತದೆ. ಗಾಲಿಗೊಂದು ಮೋಟಾರು ಕೂಡಿಸಿದರೆ ಗಟ್ಟಿ ಆಕ್ಸಲ್ಲಿನ ಹಂಗೂ ಇರದು. ಉಳಿಯುವುದು ಜಾಡಿನ ಪ್ರಶ್ನೆ. ಹಿಂದಿನ ಗಾಲಿಗಳ ಅಂತರ ಟ್ರ್ಯಾಕ್ಟರಿನಷ್ಟಿರಲಿ, ಮುಂದಿನದು ನಡುವಿನ ದಿಬ್ಬದ ಮೇಲೆ ಹೂಳದಷ್ಟು ಅಗಲವಿರಲಿ. ಕಂಪನಿಯವರು ಹಂಗಾಮಿನ ದಿನಗಳಲ್ಲಿ ತಮ್ಮ ಮಾದರಿಯನ್ನು ಕಾಗವಾಡ ತಾಲ್ಲೂಕಿಗೆ ತಂದು, ಮೂರು ಎಚ್‌ಪಿ ಮೋಟಾರೊಂದನ್ನು ಹೇರಿ, ಹೊಳೆದಂಡೆಯಿಂದ ಊರಿನವರೆಗೆ ಓಡಿಸಿ ನೋಡಲಿ.