ನಕ್ಷೆಯಲ್ಲಿ ಕನ್ನಡ: ಅಕ್ಷರಶೈಲಿಯ ನಿರ್ವಹಣೆ

ಆಟೋಕ್ಯಾಡ್ ತಂತ್ರಾಂಶದಲ್ಲಿ ಬರಹದ ಫಾಂಟ್, ಎತ್ತರ, ಅಗಲ ಹಾಗೂ ಓರೆಗಳನ್ನು ಒಂದೇ ಹೆಸರಿನಡಿ ಕೂಡಿಸಿಡುವ ವ್ಯವಸ್ಥೆಯೇ ‘ಟೆಕ್ಸ್ಟ್ ಸ್ಟೈಲ್’, ಅಂದರೆ ಅಕ್ಷರಶೈಲಿ. ತಂತ್ರಾಂಶದೊಡನೆ ಬರುವ ಎಸ್‌ಎಚ್‌ಎಕ್ಸ್ ಫಾಂಟುಗಳಲ್ಲಿ ಕನ್ನಡ ಲಿಪಿಯಿಲ್ಲ. ಆದುದರಿಂದ ಅಂತಹ ಶೈಲಿಯಲ್ಲಿ ವಿದ್ಯಾರ್ಥಿಯು ‘ಕಾಸರಗೋಡು’ ಎಂದು ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮೂಡುತ್ತದೆ.

ಇದಕ್ಕೆ ಪರಿಹಾರ ಸುಲಭ. ‘ಸ್ಟೈಲ್’ ಆಜ್ಞೆಯ ಮೂಲಕ ‘ಕನ್ನಡ’ ಎಂಬ ಹೊಸ ಶೈಲಿಯನ್ನು ರಚಿಸಿ, ತುಂಗಾ ಅಥವಾ ನಿರ್ಮಲಾ ಯುಐಯಂತಹ ಯುನಿಕೋಡ್ ಫಾಂಟನ್ನು ಆರಿಸಬೇಕು. ಎತ್ತರವನ್ನು 0 ಎಂದಿಟ್ಟರೆ, ಶೀರ್ಷಿಕೆಗೂ ಕೋಣೆಯ ಹೆಸರಿಗೂ ಬೇರೆ ಬೇರೆ ಅಳತೆಯನ್ನು ಬರೆಯುವಾಗಲೇ ನೀಡಬಹುದು. ‘ಶಾಸ್ತ್ರ’, ‘ರಾಷ್ಟ್ರ’ದಂತಹ ಪದಗಳನ್ನು ಬರೆಯಿಸಿ, ಒತ್ತಕ್ಷರಗಳು ಸರಿಯಾಗಿ ಕೂಡುವುದನ್ನು ಪರೀಕ್ಷಿಸಬೇಕು.

ಮುಂದೆ ಶೈಲಿಯ ಫಾಂಟನ್ನು ಬದಲಿಸಿದರೆ ಆ ಶೈಲಿಯ ಬರಹವೆಲ್ಲವೂ ಒಮ್ಮೆಗೇ ಬದಲಾಗುತ್ತದೆ. ಶೈಲಿಯ ಎತ್ತರವನ್ನು ಬದಲಿಸಿದರೆ ಹೊಸ ಬರಹಕ್ಕೆ ಮಾತ್ರ ಅನ್ವಯಿಸುತ್ತದೆ.

ನಕ್ಷೆಯ ಕಡತವು ಫಾಂಟನ್ನು ತನ್ನೊಡನೆ ಒಯ್ಯುವುದಿಲ್ಲ. ಹಳೆಯ, ಯುನಿಕೋಡ್ ಅಲ್ಲದ ಕನ್ನಡ ಫಾಂಟುಗಳಲ್ಲಿ ಬರೆದುದು, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತದೆ. ಕನ್ನಡ ಬಳಕೆಯಿಲ್ಲದ ಕಚೇರಿಗಳಿಗೂ ನಕ್ಷೆಯನ್ನು ಕಳುಹಿಸಬೇಕಾಗುವ ಗಡಿನಾಡಿನ ಶಾಲೆಗಳಲ್ಲಿ ಈ ಎಚ್ಚರ ಅತ್ಯಗತ್ಯ. ಕಡತದ ಜೊತೆಗೆ ಪಿಡಿಎಫ್ ಪ್ರತಿಯನ್ನೂ ಕಳುಹಿಸುವ ರೂಢಿಯನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಿದರೆ, ಅವರು ಬರೆದ ಊರಿನ ಹೆಸರು ಅಲ್ಲಿಯೂ ಕನ್ನಡದಲ್ಲಿಯೇ ಉಳಿಯುತ್ತದೆ.