‘ರೂಮ್ ಹೆಂಗಿಟ್ಕೋತೀರಾ?’ ಅಂತ ಇಂಗ್ಲಿಷ್‌ನಲ್ಲಿ ಕೇಳಿದ್ರೆ ಗಾದೆ ಹೇಳ್ಬೇಡಿ, ಕೆಲಸ ಹೇಳಿ

ಚಳ್ಳಕೆರೆ: ‘ಹೌ ಡು ಯು ಕೀಪ್ ಯುವರ್ ರೂಮ್ ಟೈಡಿ?’ ನೋಡೋಕೆ ಸಣ್ಣ ಪ್ರಶ್ನೆ. ಆದ್ರೆ ಶೋರೂಮ್, ಹೋಟೆಲ್, ಫ್ಯಾಕ್ಟರಿ ಕೆಲಸದ ಇಂಟರ್‌ವ್ಯೂನಲ್ಲಿ, ಹೊರದೇಶಕ್ಕೆ ಹೋಗೋರು ಬರೆಯೋ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬರುತ್ತೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹುಡುಗ ಹುಡುಗಿಯರು ತಡವರಿಸೋದು ಇಂಥ ಕಡೆಯೇ.

ನಾನೂ ತಡವರಿಸಿದ್ದೆ. ಬೆಂಗಳೂರಿನ ಒಂದು ಬಟ್ಟೆ ಶೋರೂಮ್‌ನಲ್ಲಿ ‘ಶೆಲ್ಫ್ ಹೇಗೆ ಅಚ್ಚುಕಟ್ಟಾಗಿ ಇಡ್ತೀಯ’ ಅಂತ ಇಂಗ್ಲಿಷ್‌ನಲ್ಲಿ ಕೇಳಿದ್ರು. ಶಾಲೇಲಿ ಬಾಯಿಪಾಠ ಮಾಡಿದ್ದ ‘ಕ್ಲೀನ್ಲಿನೆಸ್ ಈಸ್ ನೆಕ್ಸ್ಟ್ ಟು ಗಾಡ್ಲಿನೆಸ್’ ಅಂತ ಹೇಳಿ ಸುಮ್ಮನಾದೆ. ಅವರೂ ಸುಮ್ಮನಾದ್ರು. ಆಮೇಲೆ ಫೋನ್ ಬರಲಿಲ್ಲ. ರಜೆಯಲ್ಲೆಲ್ಲ ಬಟ್ಟೆ ಅಂಗಡೀಲಿ ಸೀರೆ ಮಡಚಿದ್ದೋನು ನಾನು. ಅದನ್ನೇ ಮೂರು ವಾಕ್ಯದಲ್ಲಿ ಹೇಳಿದ್ರೆ ಸಾಕಿತ್ತು.

ಕ್ಲೀನ್ ಬೇರೆ, ಟೈಡಿ ಬೇರೆ

ಕಸ ಗುಡಿಸಿ ನೆಲ ಒರೆಸಿದ್ರೆ ಅದು ಕ್ಲೀನ್. ಸಾಮಾನು ಅದರದರ ಜಾಗದಲ್ಲಿ ಇದ್ರೆ ಟೈಡಿ. ನಮ್ಮ ಮಾತಲ್ಲೂ ಸ್ವಚ್ಛ ಅನ್ನೋದು ಬೇರೆ, ಒಪ್ಪ ಓರಣ ಅನ್ನೋದು ಬೇರೆ. ಗೋದಾಮಿನಲ್ಲಿ ಧೂಳು ಇಲ್ಲದೆ ಇರಬಹುದು, ಆದ್ರೆ ಶೇಂಗಾ ಚೀಲ ಅಡ್ಡಾದಿಡ್ಡಿ ಬಿದ್ದಿದ್ರೆ ಅದು ‘ಮೆಸ್ಸಿ’. ಟೈಡಿ ಬಗ್ಗೆ ಕೇಳಿದಾಗ ಬರೀ ಗುಡಿಸೋದು, ಒರೆಸೋದು ಹೇಳಿದ್ರೆ ಅರ್ಧ ಉತ್ತರ ಆಯ್ತು.

ಉತ್ತರಕ್ಕೆ ನಾಲ್ಕು ಮೆಟ್ಟಿಲು

ಮೊದಲು ನೇರ ಉತ್ತರ. ಆಮೇಲೆ ಏನು ಮಾಡ್ತೀನಿ, ಯಾವಾಗ ಮಾಡ್ತೀನಿ, ಯಾಕೆ ಮಾಡ್ತೀನಿ. ಕಿರಾಣಿ ಅಂಗಡಿ ಮನೆಯ ಹುಡುಗ ಹೀಗೆ ಹೇಳಬಹುದು:

‘ಯೆಸ್, ಐ ಲೈಕ್ ಥಿಂಗ್ಸ್ ಟು ಬಿ ಟೈಡಿ. ಐ ಹೆಲ್ಪ್ ಇನ್ ಮೈ ಫಾದರ್ಸ್ ಶಾಪ್. ಎವ್ರಿ ಈವ್ನಿಂಗ್ ಐ ಪುಟ್ ದಿ ಆಯಿಲ್ ಟಿನ್ಸ್ ಬ್ಯಾಕ್ ಆನ್ ದಿ ಶೆಲ್ಫ್ ಅಂಡ್ ವೈಪ್ ದಿ ಕೌಂಟರ್. ದೆನ್ ವಿ ಕ್ಯಾನ್ ಫೈಂಡ್ ಎವ್ರಿಥಿಂಗ್ ಕ್ವಿಕ್ಲಿ ಇನ್ ದಿ ಮಾರ್ನಿಂಗ್.’

ಸಂಜೆ ಎಣ್ಣೆ ಡಬ್ಬ ವಾಪಸ್ ಶೆಲ್ಫ್‌ಗೆ ಇಡ್ತೀನಿ, ಕೌಂಟರ್ ಒರೆಸ್ತೀನಿ, ಬೆಳಿಗ್ಗೆ ಸಾಮಾನು ಬೇಗ ಸಿಗುತ್ತೆ. ಇಷ್ಟೇ ವಿಷಯ.

ಮೊಳಕಾಲ್ಮುರಿನ ನೇಕಾರರ ಮನೆಯವರ ಹತ್ತಿರ ಇನ್ನೂ ಒಳ್ಳೆ ಉತ್ತರ ಇದೆ. ‘ಮೈ ಫ್ಯಾಮಿಲಿ ವೀವ್ಸ್ ಸಿಲ್ಕ್ ಸ್ಯಾರೀಸ್ ಅಟ್ ಹೋಮ್. ವಿ ಕೀಪ್ ಈಚ್ ಕಲರ್ ಆಫ್ ಥ್ರೆಡ್ ಸೆಪರೇಟ್. ಇಫ್ ದಿ ಥ್ರೆಡ್ಸ್ ಗೆಟ್ ಟ್ಯಾಂಗಲ್ಡ್, ವಿ ಲೂಸ್ ಅ ಲಾಟ್ ಆಫ್ ಟೈಮ್.’ ಒಂದೊಂದು ಬಣ್ಣದ ನೂಲು ಬೇರೆ ಇಡ್ತೀವಿ, ಸಿಕ್ಕಾದ್ರೆ ಟೈಮ್ ಹಾಳು ಅಂತ ಅರ್ಥ. ಜಿಐ ಮಾನ್ಯತೆ ಇರೋ ಸೀರೆಯ ಊರಿನವರು ನೀವು. ಇಂಥ ಉತ್ತರ ಯಾವ ಗೈಡ್‌ನಲ್ಲೂ ಸಿಗಲ್ಲ.

ನಮ್ಮೋರು ಎಡವೋ ಜಾಗ

ಒಂದು: ಕನ್ನಡದಲ್ಲಿ ‘ಗುಡಿಸ್ತೀನಿ’ ಅಂದ್ರೆ ದಿನಾ ಗುಡಿಸೋದೂ ಆಯ್ತು, ನಾಳೆ ಗುಡಿಸೋದೂ ಆಯ್ತು. ಇಂಗ್ಲಿಷ್‌ನಲ್ಲಿ ಹಂಗಲ್ಲ. ದಿನಾ ಮಾಡೋ ಕೆಲಸಕ್ಕೆ ‘ಐ ವಿಲ್ ಸ್ವೀಪ್’ ಬೇಡ, ‘ಐ ಆಮ್ ಸ್ವೀಪಿಂಗ್ ಡೈಲಿ’ ಕೂಡ ಬೇಡ. ‘ಐ ಸ್ವೀಪ್ ದಿ ಫ್ಲೋರ್ ಎವ್ರಿ ಡೇ’ ಅಂದ್ರೆ ಸರಿ.

ಎರಡು: ಎಲ್ಲದಕ್ಕೂ ‘ನೀಟ್ ಅಂಡ್ ಕ್ಲೀನ್’. ಅದರ ಬದಲು ಕೆಲಸದ ಪದ ಬಳಸಿ. ಮಡಚೋದಕ್ಕೆ ‘ಫೋಲ್ಡ್’, ಒಂದರ ಮೇಲೊಂದು ಜೋಡಿಸೋದಕ್ಕೆ ‘ಸ್ಟ್ಯಾಕ್’, ವಿಂಗಡಿಸೋದಕ್ಕೆ ‘ಸಾರ್ಟ್’, ಎತ್ತಿಡೋದಕ್ಕೆ ‘ಪುಟ್ ಅವೇ’, ಬೇಡದ್ದು ಬಿಸಾಡೋದಕ್ಕೆ ‘ಥ್ರೋ ಔಟ್’.

ಮೂರು: ‘ಶೆಲ್ಫು’, ‘ಬುಕ್ಕು’, ‘ಟೇಬಲ್ಲು’ ಅಂತ ಕೊನೆಗೆ ‘ಉ’ ಸೇರಿಸೋದು ನಮ್ಮ ನಾಲಿಗೆಯ ರೂಢಿ. ಇಂಗ್ಲಿಷ್ ಆಡುವಾಗ ಅದನ್ನ ಬಿಡಿ. ‘ಫ್ಲೋರ್’ ಅನ್ನೋದು ‘ಪ್ಲೋರ್’ ಆಗಬಾರದು. ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ಗಾಳಿ ಬಿಟ್ರೆ ‘ಫ’ ತಾನಾಗೇ ಬರುತ್ತೆ.

ಐಇಎಲ್‌ಟಿಎಸ್ ಬರೆಯೋರಿಗೆ

ಮಾತಿನ ಪರೀಕ್ಷೆ 11ರಿಂದ 14 ನಿಮಿಷ, ಮೂರು ಭಾಗ. ಮನೆ, ಕೆಲಸ, ಅಭ್ಯಾಸದ ಪ್ರಶ್ನೆ ಇರೋದು ಮೊದಲ 4ರಿಂದ 5 ನಿಮಿಷದಲ್ಲಿ. ಅಂಕ ಕೊಡೋದು ನಾಲ್ಕು ವಿಷಯಕ್ಕೆ: ತಡೆಯಿಲ್ಲದೆ ಜೋಡಿಸಿ ಮಾತಾಡೋದು, ಪದಬಳಕೆ, ವ್ಯಾಕರಣ, ಉಚ್ಚಾರ. ನಾಲ್ಕಕ್ಕೂ ಸಮ ಅಂಕ. ನಿಮ್ಮ ರೂಮ್ ಎಷ್ಟು ಅಚ್ಚುಕಟ್ಟು ಅನ್ನೋದಕ್ಕೆ ಅಂಕ ಇಲ್ಲ. ‘ನಾಟ್ ರಿಯಲಿ, ಮೈ ಟೇಬಲ್ ಈಸ್ ಆಲ್ವೇಸ್ ಮೆಸ್ಸಿ’ ಅಂತ ನಿಜ ಹೇಳಿ, ಯಾಕೆ ಅಂತ ವಿವರಿಸಿದ್ರೂ ನಡೆಯುತ್ತೆ. ಕೆಲಸದ ಇಂಟರ್‌ವ್ಯೂನಲ್ಲಿ ಮಾತ್ರ ಹಂಗೆ ಹೇಳೋಕೆ ಹೋಗ್ಬೇಡಿ!

ಫ್ಯಾಕ್ಟರಿಗೆ ಹೋಗೋರು ‘ಫೈವ್ ಎಸ್’ ತಿಳ್ಕೊಂಡಿರಿ. ಜಪಾನ್‌ನಿಂದ ಬಂದ ಪದ್ಧತಿ ಇದು. ಬೇಡದ್ದು ತೆಗಿ, ಬೇಕಾದ್ದು ಜಾಗದಲ್ಲಿಡು, ಸ್ವಚ್ಛ ಮಾಡು, ಎಲ್ಲರಿಗೂ ಒಂದೇ ಕ್ರಮ ಮಾಡು, ಆ ಕ್ರಮ ಬಿಡಬೇಡ. ಇಂಗ್ಲಿಷ್‌ನಲ್ಲಿ ಸಾರ್ಟ್, ಸೆಟ್ ಇನ್ ಆರ್ಡರ್, ಶೈನ್, ಸ್ಟ್ಯಾಂಡರ್ಡೈಸ್, ಸಸ್ಟೇನ್.

ಅಂಗಡಿ ಮಾಲೀಕರಿಗೆ ಒಂದು ಮಾತು

ಶಟರ್ ಎಳೆಯೋ ಮುಂಚೆ ನಿಮ್ಮ ಹುಡುಗರಿಗೆ ಎರಡು ನಿಮಿಷ ಕೊಡಿ. ಆವತ್ತು ಎತ್ತಿಟ್ಟ ಸಾಮಾನಿನ ಬಗ್ಗೆ ಇಂಗ್ಲಿಷ್‌ನಲ್ಲಿ ಮೂರು ವಾಕ್ಯ ಹೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡ್ಲಿ, ತಾವೇ ಕೇಳಿಸ್ಕೊಳ್ಲಿ. ಕುದಾಪುರದ ಐಐಎಸ್‌ಸಿ ಕ್ಯಾಂಪಸ್ ಕಡೆಯಿಂದ ಕನ್ನಡ ಬರದ ಗಿರಾಕಿ ಬಂದ್ರೆ ನಿಮಗೂ ಅನುಕೂಲ. ತಪ್ಪು ಹೇಳಿದ್ರೆ ನಗಬೇಡಿ. ಕೆಲಸ ಅವರಿಗೆ ಬರುತ್ತೆ, ಮಾತು ಮಾತ್ರ ರೂಢಿ ಆಗ್ಬೇಕು.