ಆಟ ಆಟವಾಗಿಯೇ ಇರಲಿ

"ಏನ್ರೀ ಅಕ್ಕಾ, ನಿಮ್ಮ ಹುಡುಗ ಒಬ್ಬನ ಕುಂತು ಯಾರ ಜೋಡಿ ಮಾತಾಡ್ತಾನ್ರೀ?"

"ಮೊಬೈಲ್‌ನಾಗ ಆಟ ಆಡ್ತಾನವ್ವ. ಕಿವಿಗೆ ವೈರ್ ಹಾಕ್ಕೊಂಡು 'ಓಡು, ಹೊಡಿ, ಹಿಂದ ನೋಡು' ಅಂತಿರ್ತಾನ. ಉಣ್ಣಾಕ ಕರದ್ರ ಕೇಳಂಗಿಲ್ಲ!"

ಸಿಂಧನೂರು ತಾಲ್ಲೂಕಿನ ಸಾಲಗುಂದದಂಥ ಊರುಗಳಲ್ಲಿ ಹೆಂಗಸರು ನಾಲ್ಕು ಮಂದಿ ಕೂಡಿದರೆ ಇಂಥ ಮಾತು ಬಾರದೆ ಇರದು. ಬೈಯುವುದು ಸುಲಭ. ಆದರೆ ಮಗ ಆಡುವ ಆಟ ಯಾವುದು, ಯಾರೊಡನೆ ಆಡುತ್ತಾನೆ, ಅದರಲ್ಲಿ ರೊಕ್ಕ ಇದೆಯೋ ಇಲ್ಲವೋ? ಈ ಮೂರು ಪ್ರಶ್ನೆಗಳಿಗೆ ನಮ್ಮಲ್ಲಿ ಎಷ್ಟು ತಾಯಂದಿರು ಉತ್ತರ ಹೇಳಬಲ್ಲೆವು?

ಹಳೆಯ ಆಟ, ಹೊಸ ಕಟ್ಟೆ

ಆಟವೇ ಕೆಟ್ಟದ್ದೇನಲ್ಲ. ಚೌಕಾಬಾರ, ಅಳಗುಳಿ ಮಣೆ ಆಡುತ್ತಲೇ ನಾವೂ ಬೆಳೆದೆವಲ್ಲವೇ? ಫೋನಿನ ಲೂಡೊ ಕೂಡ ನಮ್ಮ ಪಗಡೆಯ ಮೊಮ್ಮಗುವೇ. ಪಚ್ಚೀಸಿಯನ್ನು ಕಂಡ ಇಂಗ್ಲಿಷರು ಅದನ್ನು ಸರಳ ಮಾಡಿ, 1896ರಲ್ಲಿ ಪೇಟೆಂಟು ಪಡೆದರು. 2020ರ ಲಾಕ್‌ಡೌನಿನಲ್ಲಿ ಅದೇ ಆಟ ಫೋನಿನೊಳಗೆ ಕೂತು ನಮ್ಮ ಮನೆಗಳಿಗೇ ಮರಳಿ ಬಂತು!

ಬದಲಾದದ್ದು ಜೊತೆಗಾರರು. ಆಟದ ನಡುವೆ ಹುಡುಗರು ಕ್ರಿಕೆಟ್, ಸಿನಿಮಾ, ಪರೀಕ್ಷೆ, ನೌಕರಿ ಎಂದು ಲೋಕಾಭಿರಾಮ ಮಾತಾಡುತ್ತಾರೆ. ನಮಗೆ ಕಟ್ಟೆ ಇದ್ದಂತೆ ಅವರಿಗೆ ಇದೊಂದು ಕಟ್ಟೆ. ನಾಚಿಕೆಯ ಹುಡುಗನಿಗೆ ಅಲ್ಲಿ ಗೆಳೆಯರು ಸಿಕ್ಕರೆ ಸಂತೋಷವೇ. ಆದರೆ ನಮ್ಮ ಕಟ್ಟೆಯಲ್ಲಿ ಯಾರು ಯಾರ ಮಗ ಎಂಬುದು ಎಲ್ಲರಿಗೂ ಗೊತ್ತು. ಅಲ್ಲಿ ಹುಡುಗನ ದನಿಯಲ್ಲಿ ಮಾತಾಡುವವನ ವಯಸ್ಸೂ ಗೊತ್ತಿಲ್ಲ. ಊರು, ಶಾಲೆ, ಫೋಟೊ, ಓಟಿಪಿ ಇವನ್ನು ಅಲ್ಲಿ ಯಾರಿಗೂ ಕೊಡಕೂಡದೆಂದು ಮಕ್ಕಳಿಗೆ ತಿಳಿಯಹೇಳಬೇಕು.

ಪಣ ಬಂತೆಂದರೆ ಜೋಕೆ

ನಿಜವಾದ ಅಪಾಯ ಇರುವುದು ಆಟದೊಳಗೆ ರೊಕ್ಕ ಬಂದಾಗ. ಧರ್ಮರಾಯನಂಥ ಧರ್ಮರಾಯನೇ ಪಗಡೆಯಲ್ಲಿ ರಾಜ್ಯ ಸೋತು, ಕೊನೆಗೆ ಹೆಂಡತಿಯನ್ನೂ ಪಣಕ್ಕಿಟ್ಟ. ಆಡಿದವರು ಗಂಡಸರು, ಸಭೆಯಲ್ಲಿ ನಿಂತವಳು ದ್ರೌಪದಿ. ಇಂದಿಗೂ ಅಷ್ಟೇ. ಎಡದಂಡೆ ಕಾಲುವೆಯ ನೀರು ನಂಬಿ ಬೆಳೆದ ನೆಲ್ಲು ಮಾರಿ ಬಂದ ರೊಕ್ಕವಾಗಲಿ, 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರವಾಗಲಿ, ಫೋನಿಗೆ ಜೋಡಿಸಿದ ಖಾತೆಯಲ್ಲಿದ್ದರೆ ಕರಗಲು ನಾಲ್ಕಂಕಿ ಅಥವಾ ಆರಂಕಿಯ ಪಿನ್ ಸಾಕು.

ಇದನ್ನು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ ಒಪ್ಪಿಗೆ ಕೊಟ್ಟಿತು. ಬುದ್ಧಿಯ ಆಟ, ಅದೃಷ್ಟದ ಆಟ ಎಂಬ ಭೇದ ಅದರಲ್ಲಿಲ್ಲ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಎಂದಿದೆ. ಆಡಿ ಕಳೆದುಕೊಂಡವರಿಗೆ ಶಿಕ್ಷೆಯಿಲ್ಲ. ಈ ಮಾತನ್ನು ಮನೆಯಲ್ಲಿ ಎಲ್ಲರ ಕಿವಿಗೂ ಹಾಕಿ. "ಪೊಲೀಸರು ಹಿಡಿದಾರು" ಎಂದು ಹೆದರಿ ಮುಚ್ಚಿಡುವವರು, ಹೋದದ್ದನ್ನು ಗೆಲ್ಲಲು ಇನ್ನಷ್ಟು ಸಾಲ ಮಾಡುತ್ತಾರೆ. ಕಾನೂನು ಬಂದ ಮೇಲೂ ಕದ್ದುಮುಚ್ಚಿ ಲಿಂಕ್ ಕಳಿಸಿ ಕರೆಯುವವರಿಗೆ ಬರಗಾಲವಿಲ್ಲ.

ಚಟ ಎನ್ನುವುದು ಯಾವಾಗ?

ರಜೆಯಲ್ಲಿ ಎರಡು ತಾಸು ಆಡಿದೊಡನೆ ಅದು ಚಟವಾಗದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದು ಹೇಳುವ ಗುರುತು ಮೂರು: ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಊಟ, ನಿದ್ದೆ, ಓದಿಗಿಂತ ಆಟವೇ ಮೇಲಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡದಿರುವುದು. ಸಾಮಾನ್ಯವಾಗಿ ವರ್ಷವಿಡೀ ಹೀಗೇ ನಡೆದರೆ ಅದು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಒಂದು ಚಿಕಿತ್ಸಾಲಯವಿದೆ. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್‌ನ 14416ಕ್ಕೆ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು.

ಗೃಹಿಣಿ ಮಾಡಬೇಕಾದ್ದು

* ಫೋನ್ ಕಸಿದು ಬಡಿಯಬೇಡಿ. ಪಕ್ಕದಲ್ಲಿ ಕುಳಿತು, "ನನಗೂ ತೋರಿಸೋ, ಹೆಂಗ ಆಡೂದು?" ಎಂದು ಕೇಳಿ. ಅರ್ಧ ಸಂಗತಿ ಅಲ್ಲೇ ತಿಳಿಯುತ್ತದೆ.

* ಪಿನ್ ಸಂಖ್ಯೆ ನಿಮ್ಮ ತಲೆಯಲ್ಲಿರಲಿ, ಮಗನ ತಲೆಯಲ್ಲಿ ಬೇಡ. ಹಣ ಬರಲು ಪಿನ್ ಒತ್ತಬೇಕಿಲ್ಲ, ಒತ್ತಿದರೆ ಹೋಗುತ್ತದೆ. ವಾರಕ್ಕೊಮ್ಮೆ ಖಾತೆಯ ಲೆಕ್ಕ ನೋಡಿ.

* ಉಣ್ಣುವಾಗ ಯಾರ ಕೈಯಲ್ಲೂ ಫೋನ್ ಬೇಡ. ಧಾರಾವಾಹಿ ನೋಡುವ ನಮಗೂ, ವಿಡಿಯೊ ನೋಡುವ ಯಜಮಾನರಿಗೂ ಇದೇ ನಿಯಮ.

* ಯಾರಾದರೂ ಮೋಸದಿಂದ ರೊಕ್ಕ ಎಳೆದುಕೊಂಡರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಫಲ?

ಎಲ್ಲಕ್ಕಿಂತ ದೊಡ್ಡದು ಮಾತು. ಐನೂರು ರೂಪಾಯಿ ಹೋದ ದಿನವೇ "ಅವ್ವಾ, ತಪ್ಪಾಗೇತಿ" ಎಂದು ಮಗ ಬಂದು ಹೇಳುವ ಧೈರ್ಯ ಮನೆಯಲ್ಲಿದ್ದರೆ, ಐವತ್ತು ಸಾವಿರ ಹೋಗುವ ದಿನ ಬಾರದು. ಬೈಯುವ ಮೊದಲು ಕೇಳಿಸಿಕೊಳ್ಳುವ ಕಿವಿ ನಮ್ಮದಾಗಲಿ.